ಎಂಪಿ3 ಸಿಡಿ ಕೇಳಲು ಯಾವ ಪ್ಲೇಯರ್? ಅಂಗಡಿಗೆ ಹೋಗುವ ಮೊದಲು ನಿಮ್ಮ ಡಿಸ್ಕ್ ನೋಡಿ

ಮೈಸೂರು ಸರಸ್ವತಿಪುರಂನ ನಮ್ಮ ಮನೆಯ ಗೋಡೆ ಬೀರುವಿನಲ್ಲಿ 64 ಸಿಡಿಗಳಿವೆ. ಒಂದೊಂದರ ಮೇಲೂ ಅಪ್ಪನ ದುಂಡು ಅಕ್ಷರದಲ್ಲಿ ನಂಬರು, ರಾಗದ ಹೆಸರು, ವರ್ಷ. ಅವರು ಮಂಡ್ಯದಲ್ಲಿ ಮೇಷ್ಟ್ರಾಗಿದ್ದಾಗ ರಾತ್ರಿ ರೇಡಿಯೊ ಪಕ್ಕ ಕೂತು ಕ್ಯಾಸೆಟ್ಟಿಗೆ ತುಂಬಿಕೊಂಡ ಕಚೇರಿಗಳು, ಗಮಕ ವಾಚನ, ಒಂದಿಷ್ಟು ಹರಿಕಥೆ ಅವು. 2006 ಮತ್ತು 2007ರ ಬೇಸಿಗೆ ರಜೆಗಳಲ್ಲಿ ನಾನು ಟೇಪ್ ರೆಕಾರ್ಡರನ್ನು ಕಂಪ್ಯೂಟರಿಗೆ ಜೋಡಿಸಿ ಎಲ್ಲವನ್ನೂ ಎಂಪಿ3 ಮಾಡಿ ಸಿಡಿಗೆ ಬರೆದೆ. ಆಮೇಲೆ ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿಯಿತು. ಉಳಿದಿರುವುದು ಈ ಡಿಸ್ಕುಗಳೇ.

ಹೋದ ವರ್ಷ ಮನೆಯ ಹಳೆಯ ಪ್ಲೇಯರ್ ಪೂರ್ತಿ ನಿಂತುಹೋಯಿತು. ಹೊಸದೊಂದು ತರೋಣವೆಂದು ಹೊರಟವನು ಮೂರು ತಿಂಗಳು ಸುತ್ತಿದೆ. ದೇವರಾಜ ಅರಸು ರಸ್ತೆಯ ಅಂಗಡಿಗಳು, ರಿಪೇರಿ ಮಾಡುವವರ ಬಳಿ ಮಾರಾಟಕ್ಕೆ ಕೂತ ಹಳೆಯ ಸೆಟ್ಟುಗಳು, ನೆಂಟರ ಮನೆಯ ಅಟ್ಟ, ಒಂದನ್ನೂ ಬಿಡಲಿಲ್ಲ. ನಾಲ್ಕು ಬಗೆಯ ಪ್ಲೇಯರ್‌ಗಳನ್ನು ಮನೆಗೆ ತಂದು ಅಪ್ಪನ ಮುಂದಿಟ್ಟು ನೋಡಿದೆ. ನಮ್ಮ ಮೈಸೂರು, ಮಂಡ್ಯದ ಎಷ್ಟೋ ಮನೆಗಳಲ್ಲಿ ಇಂಥ ಡಿಸ್ಕುಗಳು ಈಗಲೂ ಇವೆ. ದೇವಸ್ಥಾನದ ಮುಂದೆ ಕೊಂಡ ‘ನೂರು ಭಕ್ತಿಗೀತೆ’ಯ ಸಿಡಿ, ಮಗ ಕಾಲೇಜಿನಲ್ಲಿದ್ದಾಗ ಬರೆದುಕೊಟ್ಟ ಹಳೆಯ ಚಿತ್ರಗೀತೆಗಳು, ಮದುವೆಮನೆಯಲ್ಲಿ ನುಡಿಸಿದ ನಾಗಸ್ವರ. ಅಂಥವರಿಗೆ ಉಪಯೋಗವಾಗಲಿ ಎಂದು ನಾನು ಕಂಡದ್ದನ್ನು ಬರೆಯುತ್ತಿದ್ದೇನೆ.

ಆಡಿಯೊ ಸಿಡಿ ಬೇರೆ, ಎಂಪಿ3 ಸಿಡಿ ಬೇರೆ

ನೋಡಲು ಎರಡೂ ಒಂದೇ. 12 ಸೆಂಟಿಮೀಟರ್ ಅಗಲದ ಅದೇ ಪ್ಲಾಸ್ಟಿಕ್ ತಟ್ಟೆ. ಒಳಗಿರುವುದು ಮಾತ್ರ ಬೇರೆ. ಅಂಗಡಿಯಲ್ಲಿ ಕೊಳ್ಳುವ ಆಡಿಯೊ ಸಿಡಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಅಳತೆಗಳನ್ನು ಹಾಗೆಯೇ ಬರೆದಿರುತ್ತಾರೆ. ಸೆಕೆಂಡಿಗೆ 1,411 ಕಿಲೋಬಿಟ್ ಬೇಕು. 80 ನಿಮಿಷಕ್ಕೆ ಡಿಸ್ಕ್ ತುಂಬಿಹೋಗುತ್ತದೆ.

ಎಂಪಿ3 ಸಿಡಿ ಎಂದರೆ ಕಂಪ್ಯೂಟರ್ ಫೈಲುಗಳನ್ನು ತುಂಬಿದ ಡಿಸ್ಕ್. ಫೈಲಿನೊಳಗೆ ಹಾಡನ್ನು ಒತ್ತಿ ಚಿಕ್ಕದು ಮಾಡಿರುತ್ತಾರೆ. ಸೆಕೆಂಡಿಗೆ 128 ಕಿಲೋಬಿಟ್‌ನಲ್ಲಿ ಬರೆದರೆ ಹನ್ನೊಂದರಲ್ಲಿ ಒಂದು ಪಾಲು ಜಾಗ ಸಾಕು, ನಿಮಿಷಕ್ಕೆ ಹೆಚ್ಚುಕಡಿಮೆ ಒಂದು ಎಂಬಿ. 700 ಎಂಬಿಯ ಡಿಸ್ಕಿನಲ್ಲಿ ಹನ್ನೆರಡು ಗಂಟೆಗೂ ಮಿಕ್ಕಿ ಸಂಗೀತ ಹಿಡಿಸುತ್ತದೆ. 192ರಲ್ಲಿ ಸುಮಾರು ಎಂಟು ಗಂಟೆ, 320ರಲ್ಲಿ ಐದು. ಈ ಅಂಕಿಗೇ ಬಿಟ್‌ರೇಟ್ ಎನ್ನುತ್ತಾರೆ.

1990ರ ದಶಕದ ಒಳ್ಳೆಯ ಸಿಡಿ ಪ್ಲೇಯರ್ ನಿಮ್ಮಲ್ಲಿದ್ದರೆ ಅದು ಎಂಪಿ3 ಡಿಸ್ಕನ್ನು ನುಡಿಸುವುದಿಲ್ಲ. ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಒತ್ತಿಟ್ಟ ಫೈಲನ್ನು ಬಿಚ್ಚಿ ಓದುವ ಚಿಪ್ ಅದರೊಳಗಿಲ್ಲ, ಅಷ್ಟೆ. ಎಂಪಿ3 ವಿಧಾನ ಅಂತರರಾಷ್ಟ್ರೀಯ ಮಾನಕವಾಗಿ ಅಚ್ಚಾದದ್ದು 1993ರಲ್ಲಿ, ಆ ಫೈಲುಗಳಿಗೆ ‘.ಎಂಪಿ3’ ಎಂಬ ಬಾಲ ಬಂದದ್ದು 1995ರಲ್ಲಿ. ಅದನ್ನು ಓದಬಲ್ಲ ಸಿಡಿ ಪ್ಲೇಯರ್‌ಗಳು ಅಂಗಡಿಗೆ ಬಂದದ್ದು ಸುಮಾರು 2000ದಿಂದ ಈಚೆಗೆ. ಮುಂಭಾಗದಲ್ಲೋ ಟ್ರೇ ಮೇಲೋ ‘ಎಂಪಿ3’ ಎಂದು ಬರೆದಿದೆಯೇ ನೋಡಿ. ಇಲ್ಲದಿದ್ದರೆ ಅದು ಆಡಿಯೊ ಸಿಡಿಗೆ ಮಾತ್ರ.

ಏನು ಹೋಗಿದೆ, ಏನು ಉಳಿದಿದೆ

ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಜಾಗಟೆ ಬಾರಿಸುತ್ತಿರುವಾಗ ಪಕ್ಕದವರು ಮೆಲ್ಲಗೆ ಹೇಳಿದ್ದು ಕೇಳುವುದಿಲ್ಲ. ಮಾತು ಗಾಳಿಯಲ್ಲಿದೆ, ಕಿವಿಗೆ ಮಾತ್ರ ಇಲ್ಲ. ಎಂಪಿ3 ಈ ಗುಣವನ್ನೇ ನಂಬಿ ಕೆಲಸ ಮಾಡುತ್ತದೆ. ದೊಡ್ಡ ಸದ್ದಿನ ಮರೆಯಲ್ಲಿರುವ ಸಣ್ಣ ಸದ್ದನ್ನು ಲೆಕ್ಕ ಹಾಕಿ ಬಿಟ್ಟುಬಿಡುತ್ತದೆ, ಇಲ್ಲವೇ ಒರಟಾಗಿ ಬರೆಯುತ್ತದೆ. 128ರಲ್ಲಿ ಸಾಮಾನ್ಯವಾಗಿ 16,000 ಹರ್ಟ್ಸ್‌ನ ಆಸುಪಾಸಿನಿಂದ ಮೇಲಿರುವುದೆಲ್ಲ ಹೋಗಿರುತ್ತದೆ.

ಒಂದು ಸಲ ಬಿಟ್ಟದ್ದು ಬಿಟ್ಟಂತೆಯೇ. ಎಷ್ಟು ದುಬಾರಿ ಪ್ಲೇಯರ್ ತಂದರೂ ಅದು ಮರಳಿ ಬರುವುದಿಲ್ಲ. ಇದನ್ನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ‘ಈ ಸೆಟ್ಟಿನಲ್ಲಿ ಹಾಕಿದರೆ ಎಂಪಿ3 ಕೂಡ ಒರಿಜಿನಲ್ ಥರಾ ಕೇಳುತ್ತೆ ಸರ್’ ಎಂದು ಎರಡು ಕಡೆ ನನಗೆ ಹೇಳಿದರು. ಹಾಗೆ ಆಗುವುದಿಲ್ಲ. ಕೈಯಲ್ಲಿ ದುಡ್ಡಿದ್ದರೆ ಸ್ಪೀಕರಿಗೆ ಹಾಕಿ, ವ್ಯತ್ಯಾಸ ಅಲ್ಲಿ ಕೇಳುತ್ತದೆ.

ನಮ್ಮ ಸಂಗೀತದಲ್ಲಿ ಈ ನಷ್ಟ ಎಲ್ಲಿ ಗೊತ್ತಾಗುತ್ತದೆ ಎಂದು ಹೇಳುತ್ತೇನೆ. ಮೊದಲು ತಂಬೂರಿಯಲ್ಲಿ. ತಂತಿಯ ಮೇಲುಸ್ವರಗಳ ಮಿಣುಕು ಕಡಿಮೆ ಬಿಟ್‌ರೇಟಿನಲ್ಲಿ ನೀರಿನೊಳಗಿಂದ ಬಂದಂತೆ ಅಲುಗುತ್ತದೆ. ಎರಡನೆಯದು ಮೃದಂಗ. ಎಂಪಿ3 ಧ್ವನಿಯನ್ನು ಸಣ್ಣ ಸಣ್ಣ ಕಂತುಗಳಾಗಿ ಮುರಿದು ಲೆಕ್ಕ ಹಾಕುತ್ತದೆ. ಒಂದು ಕಂತಿನ ಕೊನೆಯಲ್ಲಿ ಗಟ್ಟಿಯಾದ ಪೆಟ್ಟು ಬಿದ್ದರೆ ಅದರ ಲೆಕ್ಕದ ಒರಟುತನ ಇಡೀ ಕಂತಿಗೆ ಹರಡಿ, ಪೆಟ್ಟಿಗೆ ಮುಂಚೆಯೇ ‘ಸ್ಸ್’ ಎಂಬ ಸಣ್ಣ ನೆರಳು ಕೇಳುತ್ತದೆ. ತನಿ ಆವರ್ತನದಲ್ಲಿ, ಅಂದರೆ ಮೃದಂಗ ಒಂಟಿಯಾಗಿ ನುಡಿಯುವ ಭಾಗದಲ್ಲಿ, ಚಾಪು ಎಂಬ ಗಟ್ಟಿ ಪೆಟ್ಟು ಬೀಳುವ ಕಡೆ ಹೆಡ್‌ಫೋನ್ ಹಾಕಿ ಕೇಳಿ, ಸಿಗುತ್ತದೆ. 192ಕ್ಕೆ ಏರಿದರೆ ಇದು ಬಹುಮಟ್ಟಿಗೆ ಮಾಯ.

ಅಪ್ಪನ ರೆಕಾರ್ಡಿಂಗ್‌ಗಳ ಕಥೆ ಬೇರೆ. ಅವು ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಮಧ್ಯಮ ತರಂಗದಿಂದ ಹಿಡಿದವು. ಮಧ್ಯಮ ತರಂಗದಲ್ಲಿ ಬರುವುದೇ ಕೆಳಗಿನ ಸ್ವಲ್ಪ ಭಾಗ, ಅದೂ ಮೋನೊ, ಅಂದರೆ ಎಡಬಲ ಎಂಬ ಭೇದವಿಲ್ಲದ ಒಂದೇ ಧ್ವನಿ. ಎಂಪಿ3 ಬಿಸಾಡುವ ಮೇಲಿನ ಭಾಗ ಅವುಗಳಲ್ಲಿ ಮೊದಲೇ ಇರಲಿಲ್ಲ. ಹಾಗಾಗಿ 128 ಅವಕ್ಕೆ ಧಾರಾಳವಾಯಿತು. ಗಮಕ, ಹರಿಕಥೆ, ಪ್ರವಚನಕ್ಕೆ 64 ಮೋನೊ ಕೂಡ ಸಾಕು, ಒಂದೇ ಡಿಸ್ಕಿನಲ್ಲಿ ಇಡೀ ಒಂದು ದಿನದ ಸರಕು ಹಿಡಿಸುತ್ತದೆ. ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಪ್ರಸಾರ ಶುರು ಮಾಡಿದ ಊರಿದು. ‘ಆಕಾಶವಾಣಿ’ ಎಂಬ ಹೆಸರು ಇಲ್ಲಿಂದಲೇ ಹೊರಟದ್ದು. ರೇಡಿಯೊದಿಂದ ತುಂಬಿಕೊಂಡ ಸಂಗೀತ ಬೇರೆ ಊರುಗಳಿಗಿಂತ ಇಲ್ಲಿಯ ಮನೆಗಳಲ್ಲಿ ಹೆಚ್ಚೇ ಇರಬಹುದೆಂದು ನನಗೆ ಅನ್ನಿಸುತ್ತದೆ. ಅಂಥದ್ದನ್ನು ಕೇಳುವುದಕ್ಕೆ ಹೈಫೈ ಬೇಕಿಲ್ಲ, ಡಿಸ್ಕನ್ನು ಸರಿಯಾಗಿ ಓದುವ ಯಂತ್ರ ಬೇಕು.

ಓದುವ ಶಕ್ತಿ

ಅಂಗಡಿಯವರು ಕೊಡುವ ವಿವರಗಳಲ್ಲಿ ವ್ಯಾಟ್ ಇರುತ್ತದೆ, ಬಾಸ್ ಬೂಸ್ಟ್ ಇರುತ್ತದೆ, ಬಣ್ಣದ ದೀಪ ಇರುತ್ತದೆ. ಮನೆಯಲ್ಲಿ ಬರೆದ ಡಿಸ್ಕನ್ನು ಎಷ್ಟು ಚೆನ್ನಾಗಿ ಓದುತ್ತದೆ ಎಂಬುದು ಮಾತ್ರ ಎಲ್ಲೂ ಇರುವುದಿಲ್ಲ. ನಾನು ಎಲ್ಲಕ್ಕಿಂತ ಮೇಲೆ ಇಡುವುದು ಅದನ್ನೇ.

ಕಾರ್ಖಾನೆಯಲ್ಲಿ ಅಚ್ಚೊತ್ತಿದ ಡಿಸ್ಕಿನಲ್ಲಿ ನಿಜವಾದ ಕುಳಿಗಳಿರುತ್ತವೆ, ಹಿಂದೆ ಅಲ್ಯೂಮಿನಿಯಂ ಕನ್ನಡಿ. ಲೇಸರ್ ಬೆಳಕು ಸಲೀಸಾಗಿ ಮರಳುತ್ತದೆ. ನಾವು ಬರೆಯುವ ಸಿಡಿ-ಆರ್‌ನಲ್ಲಿ ಕುಳಿ ಇಲ್ಲ, ಬಣ್ಣದ ಪದರವಿದೆ. ಬರೆಯುವ ಲೇಸರ್ ಆ ಬಣ್ಣವನ್ನು ಅಲ್ಲಲ್ಲಿ ಸುಟ್ಟು ಗುರುತು ಮಾಡುತ್ತದೆ. ವರ್ಷ ಕಳೆದಂತೆ, ಬಿಸಿಲಿಗೆ, ತೇವಕ್ಕೆ ಬಣ್ಣ ಮಾಸುತ್ತದೆ. ಅಳಿಸಿ ಬರೆಯುವ ಸಿಡಿ-ಆರ್‌ಡಬ್ಲ್ಯೂ ಇನ್ನೂ ಮಂಕು, ಅಚ್ಚಿನ ಡಿಸ್ಕಿನ ಮೂರನೇ ಒಂದು ಪಾಲಿನಷ್ಟೂ ಬೆಳಕು ಮರಳಿಸುವುದಿಲ್ಲ. ಪ್ಲೇಯರಿನ ಲೇಸರ್ ವಯಸ್ಸಾಗಿ ಸೊರಗುತ್ತಾ ಬಂದಾಗ ಮೊದಲು ಆರ್‌ಡಬ್ಲ್ಯೂ ಓದುವುದು ನಿಲ್ಲುತ್ತದೆ, ಆಮೇಲೆ ಸಿಡಿ-ಆರ್. ಅಚ್ಚಿನ ಡಿಸ್ಕ್ ಕೊನೆಯವರೆಗೂ ಓಡುತ್ತಿರುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೋಸ ಹೋಗುವುದು ಇಲ್ಲಿ. ನನಗೂ ಆಯಿತು. ಒಂದು ಡಿವಿಡಿ ಪ್ಲೇಯರನ್ನು ಅಂಗಡಿಯಲ್ಲಿ ಸಿನಿಮಾ ಡಿಸ್ಕ್ ಹಾಕಿ ತೋರಿಸಿದರು, ಚಿತ್ರ ಕನ್ನಡಿಯಂತಿತ್ತು. 900 ರೂಪಾಯಿ ಕೊಟ್ಟು ತಂದೆ. ಮನೆಯಲ್ಲಿ ಅಪ್ಪನ 14ನೇ ನಂಬರಿನ ಡಿಸ್ಕ್ ಹಾಕಿದರೆ ಗರ್ರ್ ಎಂದು ತಿರುಗಿ, ನಿಂತು, ಮತ್ತೆ ತಿರುಗಿ ‘ನೋ ಡಿಸ್ಕ್’ ಎಂದಿತು. ಅದರ ಕಾರಣ ರಿಪೇರಿಯವರು ಹೇಳಿದ ಮೇಲೆ ತಿಳಿಯಿತು. ಡಿವಿಡಿ ಓದಲು 650 ನ್ಯಾನೋಮೀಟರ್‌ನ ಕೆಂಪು ಲೇಸರ್, ಸಿಡಿ ಓದಲು 780 ನ್ಯಾನೋಮೀಟರ್‌ನ ಇನ್ನೊಂದು ಲೇಸರ್. ಆ ಪ್ಲೇಯರಿನಲ್ಲಿ ಎರಡನೆಯದು ಸೋತಿತ್ತು. ಸಿನಿಮಾ ಡಿಸ್ಕ್ ಎಷ್ಟು ಸಲ ಹಾಕಿ ನೋಡಿದ್ದರೂ ಅದು ಗೊತ್ತಾಗುತ್ತಿರಲಿಲ್ಲ.

ಗೀರು ಬಿದ್ದಾಗಲೂ ಎರಡು ಬಗೆಯ ಡಿಸ್ಕುಗಳ ನಡವಳಿಕೆ ಬೇರೆ. ಆಡಿಯೊ ಸಿಡಿಯಲ್ಲಿ ಸ್ವಲ್ಪ ಭಾಗ ಓದಲಾಗದಿದ್ದರೆ ಪ್ಲೇಯರ್ ಹಿಂದುಮುಂದಿನ ಅಳತೆ ನೋಡಿ ಅಂದಾಜಿನಲ್ಲಿ ತುಂಬಿಕೊಂಡು ಹೋಗುತ್ತದೆ. ಎಂಪಿ3ಯಲ್ಲಿ ಹಾಗೆ ಅಂದಾಜು ಮಾಡಲು ಬರುವುದಿಲ್ಲ. ಡಾಟಾ ಡಿಸ್ಕಿನಲ್ಲಿ ತಪ್ಪು ತಿದ್ದಿಕೊಳ್ಳುವ ವ್ಯವಸ್ಥೆ ಒಂದು ಪದರ ಹೆಚ್ಚಿದೆ ನಿಜ, ಆದರೆ ಅದೂ ಕೈಬಿಟ್ಟರೆ ಹಾಡು ಹಾರುತ್ತದೆ, ಇಲ್ಲವೇ ಪ್ಲೇಯರ್ ಅಲ್ಲೇ ಕೂರುತ್ತದೆ. ಒಳ್ಳೆಯ ಪ್ಲೇಯರ್ ಎರಡು ಮೂರು ಸಲ ಪ್ರಯತ್ನಿಸಿ ಮುಂದಿನ ಹಾಡಿಗೆ ಹೋಗುತ್ತದೆ. ಕೆಟ್ಟದ್ದು ಪ್ಲಗ್ ಕೀಳುವವರೆಗೂ ಅಲ್ಲಾಡುವುದಿಲ್ಲ.

ಬಿಟ್ಟ ಕಡೆಯಿಂದ

ನಾನು ಸ್ಪೀಕರು, ಬಿಟ್‌ರೇಟು ಎಂದು ಲೆಕ್ಕ ಹಾಕುತ್ತಿದ್ದಾಗ ಅಪ್ಪ ಕೇಳಿದ್ದು ಒಂದೇ. ‘ನಿನ್ನೆ ಬಿಟ್ಟ ಕಡೆಯಿಂದ ಶುರುವಾದ್ರೆ ಸಾಕು ಕಣಪ್ಪ, ಬೇರೇನೂ ಬೇಡ ನಂಗೆ.’

ಆ ಮಾತಿನ ತೂಕ ತಿಳಿದದ್ದು ಅವರು ಮೊದಲ ಪ್ಲೇಯರ್ ಬಳಸುವುದನ್ನು ಪಕ್ಕದಲ್ಲಿ ನಿಂತು ನೋಡಿದಾಗ. ಡಿಸ್ಕಿನಲ್ಲಿ 96 ಫೈಲು. ಅವರಿಗೆ ಬೇಕಾದ ಕಾಂಬೋಧಿ ರಾಗ 71ನೆಯದು. ಮುಂದಿನ ಗಾಜಿನ ಕಿಂಡಿಯಲ್ಲಿ ಬರೀ ಎರಡು ಅಂಕಿ. ಕನ್ನಡಕ ಹಣೆಗೇರಿಸಿ, ಬಗ್ಗಿ, ತೋರುಬೆರಳಿನಿಂದ ‘ಮುಂದೆ’ ಗುಂಡಿ ಒತ್ತುತ್ತಾ ಹೋದರು. ಪ್ರತಿ ಒತ್ತಿಗೂ ಲೆನ್ಸ್ ಚಲಿಸಿ ಆ ಫೈಲನ್ನು ಹುಡುಕಿ ಒಂದು ಕ್ಷಣ ಹಾಡಲು ತೊಡಗುತ್ತಿತ್ತು. 40 ದಾಟಿದ ಮೇಲೆ ಬೆರಳು ಬದಲಿಸಿದರು. 71ಕ್ಕೆ ತಲುಪಿ ಕುರ್ಚಿಗೆ ಒರಗಿದರು, ಆಲಾಪನೆ ಮುಗಿದು ಕೃತಿ ಎತ್ತಿಕೊಂಡಿತ್ತು, ಕರೆಂಟು ಹೋಯಿತು. ಬಂದಾಗ ಕಿಂಡಿಯಲ್ಲಿ 01. ಅಪ್ಪ ಏನೂ ಹೇಳದೆ ಎದ್ದು ಹೋಗಿ ಗಿಡಕ್ಕೆ ನೀರು ಹಾಕತೊಡಗಿದರು.

ಆದ್ದರಿಂದ ಈ ನಾಲ್ಕು ವಿಷಯ ವಿಚಾರಿಸದೆ ಕೊಳ್ಳಬೇಡಿ. ಫೋಲ್ಡರಿನಿಂದ ಫೋಲ್ಡರಿಗೆ ಹಾರುವ ಗುಂಡಿ ಬೇರೆಯಾಗಿದೆಯೇ? ಟ್ರ್ಯಾಕ್ ನಂಬರನ್ನು ನೇರವಾಗಿ ಒತ್ತಲು ರಿಮೋಟಿನಲ್ಲಿ ಅಂಕಿಗಳಿವೆಯೇ? ಹಾಡಿನೊಳಗೆ ಮುಂದೆ ಓಡಿಸಲು ಬರುತ್ತದೆಯೇ? ಆಡಿಯೊ ಸಿಡಿಯಲ್ಲಿ ಓಡಿಸಲು ಬಂದು, ಎಂಪಿ3ಯಲ್ಲಿ ಬಾರದ ಪ್ಲೇಯರ್‌ಗಳು ಬೇಕಾದಷ್ಟಿವೆ. ಮುಕ್ಕಾಲು ಗಂಟೆಯ ಗಮಕ ವಾಚನ ಒಂದೇ ಫೈಲಿನಲ್ಲಿದ್ದರೆ ಇದು ಬಹಳ ದೊಡ್ಡ ತೊಂದರೆ. ಕೊನೆಯದಾಗಿ, ಕರೆಂಟು ಹೋಗಿ ಬಂದರೆ ಎಲ್ಲಿಂದ ಶುರು ಮಾಡುತ್ತದೆ?

ಇನ್ನೊಂದು ಸಣ್ಣ ವಿಷಯ, ಕಚೇರಿ ಕೇಳುವವರಿಗೆ. ಒಂದು ಫೈಲ್ ಮುಗಿದು ಇನ್ನೊಂದು ಶುರುವಾಗುವಾಗ ಎಂಪಿ3 ಪ್ಲೇಯರ್‌ಗಳಲ್ಲಿ ಹೆಚ್ಚಿನವು ಅರ್ಧ ಸೆಕೆಂಡೋ ಒಂದು ಸೆಕೆಂಡೋ ಮೌನವಾಗುತ್ತವೆ. ಚಿತ್ರಗೀತೆಗೆ ಪರವಾಗಿಲ್ಲ. ಕೃತಿಯಿಂದ ತನಿಗೆ ಹೋಗುವ ಕಡೆ ಫೈಲ್ ತುಂಡಾಗಿದ್ದರೆ ತಾಳದ ಲೆಕ್ಕವೇ ಕೈತಪ್ಪುತ್ತದೆ. ಪ್ಲೇಯರಿನಲ್ಲಿ ಇದಕ್ಕೆ ಪರಿಹಾರ ಹುಡುಕುವುದಕ್ಕಿಂತ ಆಲಾಪನೆ, ಕೃತಿ, ತನಿ ಸೇರಿಸಿ ಒಂದೇ ಫೈಲ್ ಮಾಡುವುದು ಸುಲಭ.

ಯಾವ ಬಗೆಯ ಪ್ಲೇಯರ್

ಡಿವಿಡಿ ಪ್ಲೇಯರ್ ಅಗ್ಗ. ಎಲ್ಲರ ಅಟ್ಟದಲ್ಲೂ ಒಂದಿದೆ. ಎಂಪಿ3 ಓದದ ಡಿವಿಡಿ ಪ್ಲೇಯರ್ ನಮ್ಮಲ್ಲಿ ಅಪರೂಪ, ಡಿವಿಡಿ ಡಿಸ್ಕಿಗೇ ಎಂಪಿ3 ತುಂಬಿದ್ದರೂ ಎಷ್ಟೋ ಮಾದರಿಗಳು ಓದುತ್ತವೆ. ಹಾಗೆ ತುಂಬಿದ 4.7 ಜಿಬಿಯ ಡಿಸ್ಕನ್ನು ಸಿಡಿ ಪ್ಲೇಯರ್‌ಗಳು ಮುಟ್ಟುವುದೇ ಇಲ್ಲ. ಹಿಂದೆ ಕೆಂಪು, ಬಿಳಿ ತೂತುಗಳಿರುತ್ತವೆ, ಅಲ್ಲಿಂದ ಆಂಪ್ಲಿಫೈಯರಿಗೆ ವೈರ್ ಎಳೆದರೆ ಮುಗಿಯಿತು. ಮನೆಯಲ್ಲಿ ಒಳ್ಳೆಯ ಆಂಪ್ಲಿಫೈಯರ್, ಸ್ಪೀಕರ್ ಆಗಲೇ ಇದ್ದು, ಹಾಕಿದ ಡಿಸ್ಕನ್ನು ಮೊದಲಿಂದ ಕೊನೆವರೆಗೆ ಕೇಳುವ ರೂಢಿ ನಿಮ್ಮದಾದರೆ ಇದರಷ್ಟು ಲಾಭದ ದಾರಿ ಇಲ್ಲ. ಅಮ್ಮನಿಗೆ ಇದೇ ಸಾಕು. ಬೆಳಿಗ್ಗೆ ಭಕ್ತಿಗೀತೆಯ ಡಿಸ್ಕ್ ಹಾಕಿ ಅಡುಗೆಮನೆಗೆ ಹೋದರೆ ತಿಂಡಿ ಮುಗಿಯುವವರೆಗೂ ಅದರ ಪಾಡಿಗೆ ಅದು ಹಾಡುತ್ತಿರುತ್ತದೆ. ಹುಡುಕಿ ಕೇಳುವವರಿಗೆ ಮಾತ್ರ ಇದು ಕಷ್ಟ, ಏಕೆಂದರೆ ಫೋಲ್ಡರ್ ಪಟ್ಟಿ ಕಾಣುವುದು ಟೀವಿಯಲ್ಲಿ. ಒಂದು ರಾಗ ಬದಲಿಸಲು ಟೀವಿ ಹಾಕಬೇಕು. ಅದೇ ಹೊತ್ತಿಗೆ ಮನೆಯವರು ಧಾರಾವಾಹಿ ನೋಡುತ್ತಿದ್ದರೆ ಅದಕ್ಕೂ ದಾರಿಯಿಲ್ಲ.

ಟೂ-ಇನ್-ಒನ್ ಮಾದರಿಯ ಸೆಟ್, ಅಂದರೆ ರೇಡಿಯೊ, ಸಿಡಿ, ಯುಎಸ್‌ಬಿ ಎಲ್ಲ ಒಂದರಲ್ಲೇ ಇರುವುದು, ಅಪ್ಪನಂಥವರಿಗೆ ಹೆಚ್ಚು ಹೊಂದುತ್ತದೆ. ಎತ್ತಿಕೊಂಡು ವರಾಂಡಕ್ಕೆ ಹೋಗಬಹುದು. ಆದರೆ ಇವುಗಳಲ್ಲಿ ಎರಡು ತರಗತಿ ಇದೆ. ಪ್ಲಾಸ್ಟಿಕ್ ಹಿಡಿಯ ಅಗ್ಗದವು, ಸ್ಪೀಕರ್ ಅಂಗೈಯಷ್ಟು ಇದ್ದು ಕಿಂಡಿಯಲ್ಲಿ ಬರೀ ನಂಬರು ತೋರಿಸುವಂಥವು. ಇನ್ನೊಂದು, ಸ್ಪೀಕರ್ ಬೇರೆ ಬೇರೆ ಇರುವ ಮೈಕ್ರೊ ಸಿಸ್ಟಂ. ಇದರಲ್ಲಿ ಫೋಲ್ಡರಿನ ಹೆಸರು, ಹಾಡಿನ ಹೆಸರು ಓಡುವ ಅಕ್ಷರಗಳಲ್ಲಿ ಬರುತ್ತದೆ, ರಿಮೋಟಿನಲ್ಲಿ ಅಂಕಿ, ಫೋಲ್ಡರ್ ಗುಂಡಿ ಎರಡೂ ಇರುತ್ತವೆ. ಹೊಸದಕ್ಕೆ ಬೆಲೆ ಹೆಚ್ಚು. ಸೆಕೆಂಡ್ ಹ್ಯಾಂಡ್‌ನಲ್ಲಿ ಒಳ್ಳೆಯದು ಸಿಕ್ಕರೆ ನನ್ನ ಮತ ಇದಕ್ಕೇ. ಇನ್ವರ್ಟರ್ ಇರುವ ಮನೆಯವರು ಒಂದು ನೋಡಿಕೊಳ್ಳಿ. ಹಳೆಯ ಸ್ಕ್ವೇರ್ ವೇವ್ ಇನ್ವರ್ಟರ್‌ನಲ್ಲಿ ಇಂಥ ಸೆಟ್ಟುಗಳು ಜೀರುಂಡೆಯಂತೆ ‘ಝುಂ’ ಎನ್ನುತ್ತವೆ, ಸೈನ್ ವೇವ್ ಆದರೆ ಆ ತೊಂದರೆ ಇಲ್ಲ.

ಹೈಫೈ ಸಿಡಿ ಪ್ಲೇಯರ್, ಅಂದರೆ ಆಂಪ್ಲಿಫೈಯರ್ ಪಕ್ಕ ಇಡುವ ಬಿಡಿ ಪೆಟ್ಟಿಗೆ, ಆಡಿಯೊ ಸಿಡಿ ಸಂಗ್ರಹ ದೊಡ್ಡದಾಗಿರುವವರಿಗೆ. ಎಂಪಿ3 ಅದರಲ್ಲಿ ಕೈಗೆ ಬಂದ ಹೆಚ್ಚುವರಿ ಸೌಕರ್ಯ, ಬರೀ ಅದಕ್ಕಾಗಿ ಕೊಳ್ಳಬೇಕಾಗಿಲ್ಲ. ಮೊದಲೇ ಇರುವ ಹಳೆಯ ಹೈಫೈ ಪ್ಲೇಯರನ್ನು ಬಿಡಲು ಮನಸ್ಸಿಲ್ಲದಿದ್ದರೆ ಮೆಚ್ಚಿನ ಕೆಲವನ್ನು ಎಂಪಿ3ಯಿಂದ ಆಡಿಯೊ ಸಿಡಿಯಾಗಿ ಬರೆದುಕೊಳ್ಳಬಹುದು. ಹನ್ನೆರಡು ಗಂಟೆಯ ಒಂದು ಎಂಪಿ3 ಡಿಸ್ಕಿಗೆ ಒಂಬತ್ತು ಆಡಿಯೊ ಡಿಸ್ಕ್ ಬೇಕಾಗುತ್ತದೆ, ಆದ್ದರಿಂದ ಎಲ್ಲವನ್ನೂ ಬರೆಯಲು ಹೊರಡಬೇಡಿ.

ಕೈಯಲ್ಲಿ ಹಿಡಿದು ಓಡಾಡುವ ಡಿಸ್ಕ್‌ಮನ್ ಬಗೆಯದು ಒಬ್ಬರೇ ಹೆಡ್‌ಫೋನಿನಲ್ಲಿ ಕೇಳಲು ಬಲು ಚೆನ್ನ. ಅದರೊಳಗಿನ ಒಂದು ಜಾಣತನ ನನಗೆ ಬಹಳ ಹಿಡಿಸಿತು. ಅಲುಗಾಡಿದಾಗ ಹಾಡು ತಪ್ಪದಿರಲಿ ಎಂದು ಅದು ಸ್ವಲ್ಪ ಮುಂಚಿತವಾಗಿ ಓದಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಎರಡು ಎಂಬಿಯ ಮೆಮೊರಿಯಲ್ಲಿ ಆಡಿಯೊ ಸಿಡಿಯ ಹನ್ನೆರಡು ಸೆಕೆಂಡು ಹಿಡಿಸಿದರೆ, 128ರ ಎಂಪಿ3 ಎರಡು ನಿಮಿಷ ಹಿಡಿಸುತ್ತದೆ. ಅಷ್ಟು ಹೊತ್ತು ಮೋಟಾರ್ ಸುಮ್ಮನಿರಬಹುದು, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಹಳೆಯದನ್ನು ಕೊಳ್ಳುವಾಗ ಸಾಮಾನ್ಯ ಪೆನ್ಸಿಲ್ ಸೆಲ್ ಹಾಕುವಂಥದ್ದನ್ನೇ ನೋಡಿ. ಚೂಯಿಂಗ್ ಗಮ್ ಪಟ್ಟಿಯಂಥ ಚಪ್ಪಟೆ ಬ್ಯಾಟರಿ ಬೇಡುವ ಮಾದರಿಗಳೂ ಇವೆ, ಆ ಬ್ಯಾಟರಿಗಾಗಿ ಈಗ ಅಲೆಯಬೇಕು.

ಕಾರಿನದನ್ನು ಹೆಚ್ಚು ಬೆಳೆಸುವುದಿಲ್ಲ. ಪಾಂಡವಪುರದ ಕಡೆ ಇರುವ ಚಿಕ್ಕಪ್ಪನ ಕಾರಿನಲ್ಲಿ ಎಂಪಿ3 ಸಿಡಿ ಸೆಟ್ ಇದೆ. ‘ಹೈವೇನಾಗೆ ಚೆಂದಾಗಿ ಆಡ್ತದೆ, ನಾಲೆ ಏರಿ ಮ್ಯಾಲೆ ಬಂದೇಟ್ಗೆ ನಿಂತೋಯ್ತದೆ ಕಣಪ್ಪಾ’ ಎಂದು ಅವರೇ ಹೇಳುತ್ತಾರೆ. ಏಪ್ರಿಲ್ ಬಿಸಿಲಲ್ಲಿ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟ ಸಿಡಿ-ಆರ್ ಬಾಳುವುದಿಲ್ಲ. ಮೇಲೆ ಕಾಗದದ ಸ್ಟಿಕ್ಕರ್ ಅಂಟಿಸಿದ ಡಿಸ್ಕ್ ಕಾರಿನ ಸೀಳಿನೊಳಗೆ ಹೋಗಿ ಸಿಕ್ಕಿಕೊಂಡರೆ ಡ್ಯಾಶ್‌ಬೋರ್ಡೇ ಬಿಚ್ಚಬೇಕು. ಕಾರಿಗೆ ಪೆನ್‌ಡ್ರೈವ್ ಸರಿ, ಚಿಕ್ಕಪ್ಪನಿಗೂ ಅದನ್ನೇ ಮಾಡಿಕೊಟ್ಟೆ.

ಹಾಗಿದ್ದರೆ ಮನೆಯಲ್ಲೂ ಪೆನ್‌ಡ್ರೈವ್ ಸಾಕಲ್ಲವೇ ಎಂದು ಕೇಳಬಹುದು. ನಕಲು ಮಾಡಿಡುವುದಂತೂ ಈ ವಾರವೇ ಮಾಡಿ, ಪ್ಲೇಯರ್ ಕೊಳ್ಳುವುದಕ್ಕೂ ಮೊದಲು. ಕಂಪ್ಯೂಟರಿಗೆ ಯುಎಸ್‌ಬಿಯಲ್ಲಿ ಜೋಡಿಸುವ ಸಿಡಿ ಡ್ರೈವ್ ಸುಲಭವಾಗಿ ಸಿಗುತ್ತದೆ. ಪ್ಲೇಯರ್ ಕೈಬಿಟ್ಟ ಡಿಸ್ಕನ್ನೂ ಅದು ಎಷ್ಟೋ ಸಲ ನಿಧಾನವಾಗಿ ಓದಿ ಮುಗಿಸುತ್ತದೆ. ನಮ್ಮ 64ರಲ್ಲಿ 61 ಪೂರ್ತಿಯಾಗಿ ಬಂದವು. ಉಳಿದ ಮೂರರಲ್ಲಿ ಒಂದೊಂದು ಫೈಲ್ ಹೋಯಿತು, ಅದರಲ್ಲಿ ಅಪ್ಪ ಬಹಳ ಇಷ್ಟಪಡುತ್ತಿದ್ದ ಒಂದು ವೀಣೆಯ ಶಂಕರಾಭರಣವಿತ್ತು. ಎರಡು ವರ್ಷ ಮೊದಲೇ ಕೂತಿದ್ದರೆ ಅದು ಉಳಿಯುತ್ತಿತ್ತೇನೋ ಎಂಬ ನೋವು ನನಗಿದೆ. ಆದರೂ ಕೇಳುವುದಕ್ಕೆ ಸಿಡಿಯನ್ನೇ ಇಟ್ಟುಕೊಂಡೆವು. ಅಪ್ಪನಿಗೆ ತೋಡಿ ಎಂದರೆ 9ನೇ ಡಿಸ್ಕ್, ಬೀರುವಿನ ಎರಡನೇ ಸಾಲು, ಎಡಗಡೆ. 64 ಫೋಲ್ಡರ್‌ಗಳ ಪಟ್ಟಿಯಲ್ಲಿ ಅವರಿಗೆ ಅದು ಸಿಗುವುದಿಲ್ಲ, ಕೈ ಚಾಚಿದರೆ ಸಿಗುತ್ತದೆ.

ಮತ್ತೆ ಬರೆಯುವುದಾದರೆ

ಮಾಸಿದ ಡಿಸ್ಕುಗಳನ್ನು ಹೊಸದಕ್ಕೆ ಇಳಿಸುವಾಗ ಒಂದಿಷ್ಟು ಎಚ್ಚರ ವಹಿಸಿದರೆ ಯಾವ ಪ್ಲೇಯರಿಗಾದರೂ ಅನುಕೂಲ. ಬರೆಯುವ ಸಾಫ್ಟ್‌ವೇರಿನಲ್ಲಿ ಡಾಟಾ ಸಿಡಿ ಎಂದೇ ಆರಿಸಿ, ಐಎಸ್‌ಓ 9660 ಜೊತೆಗೆ ಜೋಲಿಯಟ್ ಇರಲಿ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸುವ ಪದ್ಧತಿಗಳ ಹೆಸರುಗಳಿವು). ಯುಡಿಎಫ್ ಎಂಬ ಇನ್ನೊಂದು ಪದ್ಧತಿಯಲ್ಲಿ ಬರೆದರೆ ಎಷ್ಟೋ ಪ್ಲೇಯರ್‌ಗಳಿಗೆ ಡಿಸ್ಕ್ ಖಾಲಿ ಕಾಣುತ್ತದೆ. ಒಂದೇ ಸಲಕ್ಕೆ ಎಲ್ಲವನ್ನೂ ಬರೆದು ಸೆಷನ್ ಮುಚ್ಚಿ, ಅಂದರೆ ಬರೆಯುವುದನ್ನು ಪೂರ್ತಿ ಮುಗಿಸಿಬಿಡಿ. ಹೆಸರಿನ ಮುಂದೆ 1, 2 ಎಂದಲ್ಲ, 01, 02 ಎಂದು ಹಾಕಿ. ಇಲ್ಲದಿದ್ದರೆ ಒಂದಾದ ಮೇಲೆ ಹತ್ತು ಬರುತ್ತದೆ. ಫೈಲಿನ ಹೆಸರನ್ನು ಕನ್ನಡದಲ್ಲಿ ಇಡಬೇಕೆಂಬ ಆಸೆ ನನಗೂ ಇತ್ತು, ಆದರೆ ಈ ಪ್ಲೇಯರ್‌ಗಳ ಕಿಂಡಿಯಲ್ಲಿ ಕನ್ನಡ ಮೂಡುವುದಿಲ್ಲ, ಚೌಕಗಳೋ ಪ್ರಶ್ನೆ ಚಿಹ್ನೆಗಳೋ ಬರುತ್ತವೆ. ಇಂಗ್ಲಿಷ್ ಅಕ್ಷರದಲ್ಲಿ ಚಿಕ್ಕದಾಗಿ ಬರೆಯಿರಿ. ಎಂಪಿ3 ಅಲ್ಲದ ಬೇರೆ ಬಗೆಯ ಫೈಲುಗಳಿದ್ದರೆ ಎಂಪಿ3ಗೆ ಬದಲಿಸಿಬಿಡಿ, ಎಲ್ಲ ಪ್ಲೇಯರ್‌ಗೂ ಅವು ಹಿಡಿಸುವುದಿಲ್ಲ. ಡಿಸ್ಕಿನ ಮೇಲೆ ಬಾಲ್‌ಪೆನ್ನಿನಲ್ಲಿ ಬರೆಯಬೇಡಿ. ಬರೆದ ಪದರ ಇರುವುದು ಹೆಸರು ಬರೆಯುವ ಬದಿಯ ಹತ್ತಿರವೇ, ಗಟ್ಟಿ ಮೊನೆ ಒತ್ತಿದರೆ ಒಳಗೆ ಗಾಯವಾಗುತ್ತದೆ.

ಅಂಗಡಿಯಲ್ಲಿ ಮೂರು ಡಿಸ್ಕ್

ಕೊನೆಗೆ ನಾನು ಚೀಲದಲ್ಲಿ ಮೂರು ಡಿಸ್ಕ್ ಹಾಕಿಕೊಂಡು, ಅಪ್ಪನನ್ನೂ ಕರೆದುಕೊಂಡು ಹೋದೆ. ಒಂದು ಅಚ್ಚಿನ ಆಡಿಯೊ ಸಿಡಿ. ಇನ್ನೊಂದು ಮೊನ್ನೆ ಬರೆದದ್ದು. ಮೂರನೆಯದು 14ನೇ ನಂಬರು, ಎಲ್ಲಕ್ಕಿಂತ ಮಾಸಿದ್ದು. ಹಳೆಯ ಸೆಟ್ಟುಗಳನ್ನು ಸರಿಮಾಡಿ ಮಾರುವ ಒಬ್ಬರ ಅಂಗಡಿ, ಬಾಗಿಲ ಬಳಿಯೇ ಮೈಕ್ರೊ ಸಿಸ್ಟಂ ಒಂದಿತ್ತು. ಅವರು ತಮ್ಮ ಡಿಸ್ಕ್ ಹಾಕಲು ಹೋದರು. ‘ನಮ್ಮದನ್ನೇ ಹಾಕಿ ನೋಡ್ತೀವಿ, ಬೇಜಾರಿಲ್ಲ ತಾನೆ?’ ಎಂದೆ. ‘ಹಾಕಿ ಸರ್, ನೀವು ಕೇಳೋದು ಅದನ್ನೇ ಅಲ್ವಾ’ ಎಂದರು.

14 ಮೊದಲ ಸಲ ಓದಲಿಲ್ಲ. ಅವರು ಮುಚ್ಚಳ ಬಿಚ್ಚಿ, ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ, ಹೆಸರುಕಾಳಿನಷ್ಟು ಅಗಲದ ಲೆನ್ಸನ್ನು ಒಂದೇ ಸುತ್ತು, ಒತ್ತದೆ, ಒರೆಸಿದರು. ಹತ್ತಿ ಬೂದು ಬಣ್ಣಕ್ಕೆ ತಿರುಗಿತ್ತು. ಮತ್ತೆ ಹಾಕಿದರು. ಐದಾರು ಸೆಕೆಂಡ್ ತಿರುಗಿ ಫೋಲ್ಡರಿನ ಹೆಸರು ಕಿಂಡಿಯಲ್ಲಿ ಓಡಿತು. ಅಪ್ಪ ರಿಮೋಟ್ ತೆಗೆದುಕೊಂಡು 7, 1 ಎಂದು ಎರಡೇ ಗುಂಡಿ ಒತ್ತಿದರು. ಕಾಂಬೋಧಿ ಶುರುವಾಯಿತು. ಒಂದಿಷ್ಟು ಮುಂದೆ ಓಡಿಸಿದೆವು, ಓಡಿತು. ಆಮೇಲೆ ನಾನು ಪ್ಲಗ್ ಕಿತ್ತೆ. ಅಂಗಡಿಯವರು ನಮ್ಮಿಬ್ಬರ ಮುಖ ನೋಡಿದರು. ಒಂದು ನಿಮಿಷ ಬಿಟ್ಟು ಮತ್ತೆ ಹಾಕಿ, ಪ್ಲೇ ಒತ್ತಿದೆ.

ಕಿಂಡಿಯಲ್ಲಿ 71. ಆದರೆ ಹಾಡು ಬಿಟ್ಟ ಕಡೆಯಿಂದ ಬರಲಿಲ್ಲ, ಆಲಾಪನೆಯ ಮೊದಲಿಂದ ಶುರುವಾಯಿತು. ನಾನು ಅಪ್ಪನ ಕಡೆ ತಿರುಗಿದೆ. ಅವರು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದ್ದರು. ‘ಪರವಾಗಿಲ್ಲ, ಆಲಾಪನೆ ಇನ್ನೊಂದ್ಸಲ ಕೇಳ್ಬೋದು’ ಎಂದರು. ಅದನ್ನೇ ತಂದೆವು.